ಸ್ಪಿರ್ಕೆ ಮರಗಳ ನೀರಗಂಟಿ

ರೇಗನ್ಸ್‌ಬರ್ಗ್
14 ಸೆಪ್ಟೆಂಬರ್ 2023

ಅಪ್ಪನಿಗೆ,

ಕೀರ್ತಿ ಬರೆಯುತ್ತಿದ್ದೇನೆ. ಕವರಿನ ಮೇಲಿನ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಮೂರು ವರ್ಷ ಬಾಯಿ ಬಿಡದವಳು ಈಗ್ಯಾಕೆ ಬರೆದಳು ಎಂದು ಹುಬ್ಬು ಗಂಟು ಹಾಕಬೇಡ. ಕ್ಷಮೆ ಕೇಳುವುದಕ್ಕಂತೂ ಅಲ್ಲ. ನೀನು ಕೇಳುತ್ತೀಯ ಎಂಬ ಆಸೆಯೂ ನನಗಿಲ್ಲ. ಒಂದು ನೀರಿನ ವಿಷಯ ವಿಚಾರಿಸಬೇಕಿತ್ತು. ನಾನು ಕಂಡವರಲ್ಲಿ ನಿನ್ನಷ್ಟು ನೀರು ತಿಳಿದವರು ಯಾರೂ ಇಲ್ಲ, ಇಲ್ಲಿನ ಪ್ರೊಫೆಸರುಗಳನ್ನು ಸೇರಿಸಿ ಹೇಳುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ನಿಜ. ಆದರೆ ನಾವಿಬ್ಬರೂ ಫೋನಿನಲ್ಲಿ ಎರಡು ನಿಮಿಷ ದಾಟಿದರೆ ಜಗಳ. ಕಾಗದವಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಲೇಬೇಕು.

ನಿನ್ನ ನಂತರ ನಮ್ಮೂರ ಕೆರೆಗೆ ನಾನೇ ನೀರಗಂಟಿ ಆಗುತ್ತೇನೆ, ತೂಬು ಎತ್ತಿ ಇಳಿಸುತ್ತೇನೆ, ಸರದಿ ತಪ್ಪದೆ ಗದ್ದೆಗಳಿಗೆ ನೀರು ಬಿಡುತ್ತೇನೆ ಎಂದು ಕೇಳಿದ ದಿನ ನೀನು ಊರವರ ಎದುರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ತೂಬಿಗಿಳಿಯೋದು ಹೆಣ್ಮಕ್ಕಳ ಕೆಲ್ಸ ಅಲ್ಲ ಕಣಮ್ಮ, ಸುಮ್ಕೆ ಮನೇಗೋಗು." ಕೆಲಸ ದೊಡ್ಡಪ್ಪನ ಮಗ ರಾಕೇಶನಿಗೆ ಹೋಯಿತು. ನೀರಿನ ಓದು ಓದಿದ ನಾನು ಸಿಟ್ಟಿಗೆ ಇಲ್ಲಿಗೆ ಬಂದೆ. ಸರಿ, ಅದು ಹಾಗಿರಲಿ.

ಈಗ ಕೇಳು. ರೇಗನ್ಸ್‌ಬರ್ಗಿನಿಂದ ಉತ್ತರಕ್ಕೆ ರೈಲು, ಬಸ್ಸು, ಕೊನೆಗೆ ಸೈಕಲ್ಲು ಹತ್ತಿ ಹೋದರೆ ಒಂದು ಜೌಗು ಕಾಡಿದೆ. ಕ್ರೇಹೆನ್‌ಲೋಹೆ ಎಂದು ಅದರ ಹೆಸರು. ಅಲ್ಲಿ ನೆಲವೆಂದರೆ ಮಣ್ಣಲ್ಲ. ಸಾವಿರಾರು ವರ್ಷದ ಪಾಚಿ, ಕೊಳೆಯದೆ, ಒಂದರ ಮೇಲೊಂದು ಕೂತು ಕಪ್ಪಗೆ ಆಳುದ್ದ ಬೆಳೆದಿದೆ. ಕಾಲಿಟ್ಟರೆ ಹಾಸಿಗೆಯಂತೆ ಕುಸಿಯುತ್ತದೆ. ಅದರ ಮೇಲೆ ಒಂದು ಜಾತಿಯ ಪೈನ್ ಮರ ನಿಂತಿದೆ, ಸ್ಪಿರ್ಕೆ ಅನ್ನುತ್ತಾರೆ. ಯಾರೋ ತಂದು ನೆಟ್ಟಿದ್ದಲ್ಲ, ಈ ನೆಲದ್ದೇ ಮರ. ನೂರೈವತ್ತು ವರ್ಷದ ಮರವೂ ನನ್ನ ತೊಡೆಗಿಂತ ದಪ್ಪವಿಲ್ಲ. ಬೇರೆ ಮರಗಳಿಗೆ ಬದುಕಲಾಗದ ಬಡ ನೆಲ, ಹುಳಿ ನೀರು, ಅಲ್ಲಿಯೇ ಇದಕ್ಕೆ ಸುಖ. ನೀರು ಬತ್ತಿದರೆ ಸ್ಪ್ರೂಸ್ ಮರಗಳು ನುಗ್ಗಿ ಎತ್ತರ ಬೆಳೆದು ಬಿಸಿಲು ತಡೆಯುತ್ತವೆ. ನೆರಳಿನಲ್ಲಿ ಇದರ ಬೀಜ ಮೊಳೆಯುವುದಿಲ್ಲ. ಮುದಿ ಮರಗಳು ನಿಂತಲ್ಲೇ ಸಾಯುತ್ತವೆ, ಮರಿ ಇರುವುದಿಲ್ಲ. ದೇಶದಲ್ಲೆಲ್ಲ ಜೌಗು ಬಸಿದು ಬಸಿದು ಈಗ ಈ ಮರ ಅಳಿವಿನ ಅಪಾಯದಲ್ಲಿರುವ ಗಿಡಮರಗಳ ಕೆಂಪು ಪಟ್ಟಿ ಸೇರಿದೆ.

ಕ್ರೇಹೆನ್‌ಲೋಹೆಯಲ್ಲಿ ಉಳಿದಿರುವುದು ಇನ್ನೂರ ಹನ್ನೆರಡು. ಒಂದೊಂದನ್ನೂ ಮುಟ್ಟಿ ಎಣಿಸಿದ್ದೇನೆ. ಜೌಗಿನ ನಡುವೆ ಒಂದು ಬಸಿಗಾಲುವೆ ಹಾಯ್ದು ಹೋಗುತ್ತದೆ, ಅದೇ ಶತ್ರು. ಅದನ್ನು ಕಟ್ಟಿ ನೀರು ನಿಲ್ಲಿಸುವುದು ನನ್ನ ಕೆಲಸ. ನಾನು ಕೆಲಸ ಮಾಡುವ ಸಣ್ಣ ಸಂಸ್ಥೆ ನನ್ನೊಬ್ಬಳ ಕೈಗೆ ಇದನ್ನು ಕೊಟ್ಟಿದೆ. ಆ ಕಾಡು ನೋಡಿಕೊಳ್ಳುವ ಹೆರ್ ವೈಗ್ಲ್ ಎಂಬ ಮುದುಕರು (ಹೆರ್ ಎಂದರೆ ನಮ್ಮ ಶ್ರೀಯುತರು ಇದ್ದ ಹಾಗೆ) ಇದನ್ನು ಕೇಳಿ ಬಾಯಿಬಿಟ್ಟು ನಕ್ಕರು. ಕಾಲುವೆ ತೋಡಿದ್ದು ಅವರ ತಾತನೇ. ಒಂದು ವರ್ಷ ಕೊಟ್ಟಿದ್ದಾರೆ. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಮರ ಎಣಿಸುತ್ತಾರೆ. ಸೊರಗಿದ್ದು ಕಂಡರೆ ಕಾಲುವೆಯನ್ನು ಮತ್ತೆ ತೋಡಿಸುತ್ತಾರೆ, ಆಮೇಲೆ ಅಲ್ಲಿ ನನಗಾಗಲಿ ಸ್ಪಿರ್ಕೆಗಾಗಲಿ ಜಾಗವಿಲ್ಲ.

ನನ್ನ ಪ್ರಶ್ನೆ ಇಷ್ಟೆ. ಹರಿಯುವ ಕಾಲುವೆಗೆ ಅಡ್ಡ ಹಾಕಿದರೆ ನೀರು ಮೊದಲು ಎಲ್ಲಿಂದ ತಪ್ಪಿಸಿಕೊಳ್ಳುತ್ತದೆ?

ಕೀರ್ತಿ


ತಿಮ್ಮಸಂದ್ರ, ಮುಳಬಾಗಿಲು ತಾಲ್ಲೂಕು
9 ಅಕ್ಟೋಬರ್ 2023

ಚಿರಂಜೀವಿ ಕೀರ್ತಿಗೆ,

ಕಾಗದ ಬಂತು. ಪೋಸ್ಟ್‌ಮ್ಯಾನು ಅದನ್ನು ನನ್ನ ಕೈಗೆ ಕೊಡುವ ಮೊದಲು ಅಂಗಡಿ ಬೀದಿಗೆಲ್ಲ ಸ್ಟಾಂಪು ತೋರಿಸಿಕೊಂಡು ಬಂದಿದ್ದಾನೆ. ಜಗಳದ ಭಾಗ ಒಂದು ಸಲ ಓದಿದೆ. ನೀರಿನ ಭಾಗ ನಾಲ್ಕು ಸಲ ಓದಿದೆ.

ನೀರು ಎದೆ ಕೊಟ್ಟು ಗುದ್ದಿ ಕಟ್ಟೆ ಒಡೆಯುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಸುಳ್ಳು. ಅದು ಹೆಗಲಿನ ಪಕ್ಕದಲ್ಲಿ ಜಾರಿಕೊಳ್ಳುತ್ತದೆ. ಕಟ್ಟೆಯ ನಡುಮಧ್ಯ ಎಷ್ಟು ಗಟ್ಟಿ ಮಾಡಿದರೂ ಎರಡು ತುದಿ ದಡದೊಳಗೆ ಹೋಗದಿದ್ದರೆ ಮೂರೇ ದಿನದಲ್ಲಿ ಪಕ್ಕದಿಂದ ದಾರಿ ಮಾಡಿಕೊಂಡಿರುತ್ತದೆ. ಕಾಲುವೆ ಎಷ್ಟು ಅಗಲವೋ ಅದರ ಮೂರರಷ್ಟು ಉದ್ದಕ್ಕೆ ಆ ಕಡೆಗೂ ಈ ಕಡೆಗೂ ತುದಿಗಳನ್ನು ದಡದಲ್ಲಿ ಹೂಳು. ನಡುವೆ ಜೇಡಿಮಣ್ಣು ಹಾಕಿ ತುಳಿ. ಮಳೆ ಬರುವಾಗ ಮನೆಯಲ್ಲಿ ಕೂರಬೇಡ, ಹೋಗಿ ಕಟ್ಟೆಯ ಕೆಳಗೆ ನಿಲ್ಲು. ಎಲ್ಲಿ ಸೋರುತ್ತದೆಂದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ನಾವು ರಾಗಿಗೆ, ಭತ್ತಕ್ಕೆ ನೀರು ಕಟ್ಟಿದವರು. ಮರಕ್ಕೆ ನೀರು ಕಟ್ಟುವ ದೇಶ ಇದೆ ಎಂದು ನಿನ್ನಿಂದ ತಿಳಿಯಿತು. ಆ ಮರ ಹೇಗಿರುತ್ತದೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಬುದ್ಧಿ ಹೇಳುವುದಿಲ್ಲ.

ಅಲ್ಲಿ ಚಳಿ ಹೆಚ್ಚಂತೆ. ಕಾಲು ಒದ್ದೆಯಾಗದಂತೆ ನೋಡಿಕೋ.

ಮುನಿಸ್ವಾಮಿ


ರೇಗನ್ಸ್‌ಬರ್ಗ್
2 ಜನವರಿ 2024

ಅಪ್ಪನಿಗೆ,

ತುಂಬಿತು! ಅಪ್ಪ, ತುಂಬಿಬಿಟ್ಟಿತು! ನವೆಂಬರಿನಲ್ಲಿ ಕಟ್ಟೆ ಹಾಕಿದೆವು. ಡಿಸೆಂಬರು ಪೂರಾ ಮಳೆ, ಹಿಮ, ಹಿಮ ಕರಗಿ ಮತ್ತೆ ಮಳೆ. ನಿನ್ನ ಮಾತಿನಂತೆ ಕಟ್ಟೆಯ ತುದಿಗಳನ್ನು ಎರಡೂ ಕಡೆ ಆರಾರು ಮೀಟರು ದಡದೊಳಗೆ ಹೂಳಿದೆ. ನಕ್ಷೆಯಲ್ಲಿ ಎರಡೇ ಮೀಟರಿತ್ತು. ಹೆರ್ ವೈಗ್ಲ್ ತಲೆ ಕೆರೆದುಕೊಂಡರು, "ಯಾರು ಹೇಳಿಕೊಟ್ಟದ್ದು?" ಎಂದರು. ನಮ್ಮಪ್ಪ ಎಂದೆ. ಪಕ್ಕದ ಕಾಡಿನಲ್ಲಿ ಬೇರೆಯವರು ಕಟ್ಟಿದ್ದು ಕ್ರಿಸ್‌ಮಸ್‌ಗೆ ಮೊದಲೇ ಪಕ್ಕದಿಂದ ಕೊಚ್ಚಿಹೋಯಿತು. ನಮ್ಮದು ಮಿಸುಕಾಡಲಿಲ್ಲ.

ಜೇಡಿಮಣ್ಣು ಮಾತ್ರ ಹಾಕಲಿಲ್ಲ, ಕೋಪ ಮಾಡಿಕೊಳ್ಳಬೇಡ. ಮಣ್ಣಿನ ಸಾರ ನೀರಿಗಿಳಿದರೆ ಜೌಗು ಕೆಡುತ್ತದಂತೆ. ಇದು ಬಡತನದಲ್ಲೇ ಬದುಕುವ ನೆಲ, ಗೊಬ್ಬರ ಬಿದ್ದರೆ ಸಾಯುತ್ತದೆ. ಅಲ್ಲಿನ ಕಪ್ಪು ಪಾಚಿಯನ್ನೇ ಹಲಗೆಗಳ ನಡುವೆ ತುಂಬಿ ತುಳಿದೆವು.

ನೀರು ಕಟ್ಟೆಯ ಅಂಚಿಗೆ ಬಂದ ದಿನ ನನಗೆ ತಡೆಯಲಾಗಲಿಲ್ಲ. ಕೆರೆ ತುಂಬಿದರೆ ಬಾಗಿನ ಬಿಡದೆ ಇರುವುದು ಹೇಗೆ? ಮೊರ ಎಲ್ಲಿ ಸಿಗಬೇಕು ಇಲ್ಲಿ, ಸೂಪರ್‌ಮಾರ್ಕೆಟ್ಟಿನ ರಟ್ಟಿನ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಬಳೆ, ಬಾಳೆಹಣ್ಣು ಇಟ್ಟುಕೊಂಡು ಹೋದೆ. ನನ್ನ ಜೊತೆ ಮನೆ ಹಂಚಿಕೊಂಡಿರುವ ಶ್ಯಾರನ್, ಮಂಗಳೂರಿನವಳು, ಇಲ್ಲಿ ಚಿಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್, ಅವಳನ್ನು ಎಳೆದುಕೊಂಡು ಹೋಗಿದ್ದೆ. ಕೊಡೆ ಹಿಡಿದು ನಡುಗುತ್ತಾ ಅವಳು, "ಎಂತ ಮಾರಾಯ್ತಿ, ನಿನ್ನ ಗಂಗಾಪೂಜೆಗೆ ಈ ಕ್ರಿಶ್ಚಿಯನ್ ಹುಡುಗಿಯೇ ಆಗ್ಬೇಕಿತ್ತಾ? ನಂಗೆ ಕಾಲು ಉಂಟೋ ಇಲ್ವೋ ಗೊತ್ತಾಗ್ತಾ ಇಲ್ಲ," ಎಂದಳು. ಅಷ್ಟರಲ್ಲಿ ಹೆರ್ ವೈಗ್ಲ್ ಬಂದು ಬಾಳೆಹಣ್ಣು ನೋಡಿ ಕೂಗಾಡಿದರು. ಅದೂ ಗೊಬ್ಬರವಂತೆ. ಬಾಗಿನ ವಾಪಸು ತಂದು ಹಣ್ಣನ್ನು ಬಸ್ಸಿನಲ್ಲಿ ನಾವೇ ತಿಂದೆವು.

ಇನ್ನೊಂದು ಹೇಳಬೇಕು. ಕೋಡಿ ಹರಿಯಲು ಬಿಟ್ಟ ಜಾಗದ ಮೇಲೆ ಎರಡು ಹಲಗೆ ಹೆಚ್ಚಿಗೆ ಹಾಕಿದೆ. ನಕ್ಷೆಯಲ್ಲಿ ಇರಲಿಲ್ಲ. ಅಷ್ಟು ನೀರು ಸುಮ್ಮನೆ ಹೊರಗೆ ಹೋಗುವುದನ್ನು ನೋಡಿಕೊಂಡು ನಿಲ್ಲಲು ನನ್ನಿಂದಾಗುತ್ತದಾ? 2005ರಲ್ಲಿ ನಮ್ಮ ಕೆರೆ ಕೋಡಿ ಬೀಳುವಾಗ ಊರೆಲ್ಲ ಸೇರಿ ಕೋಡಿಯ ಮೇಲೆ ಮರಳುಮೂಟೆ ಪೇರಿಸಿದ್ದು ನೆನಪಿದೆಯಾ? ಒಂಬತ್ತು ವರ್ಷದ ನಾನು ಸಣ್ಣ ಚೀಲ ಹೊತ್ತಿದ್ದೆ. ಈಗ ಇಲ್ಲಿ ಮೊಣಕಾಲುದ್ದ ನೀರು, ಮರಗಳೆಲ್ಲ ಕೆರೆಯಲ್ಲಿ ನಿಂತ ಹಾಗಿವೆ. ಒಂದು ಹನಿ ಬಿಟ್ಟಿಲ್ಲ ಅಪ್ಪ.

ಹೆಣ್ಮಕ್ಕಳ ಕೆಲ್ಸ ಅಲ್ಲ ಎಂದೆಯಲ್ಲ. ಬಂದು ನೋಡು.

ಕೀರ್ತಿ


ತಿಮ್ಮಸಂದ್ರ
24 ಜನವರಿ 2024

ಕೀರ್ತಿಗೆ,

ಈ ಕಾಗದ ಓದಿ ಮುಗಿಸುವ ಮೊದಲೇ ಹೋಗಿ ಆ ಹಲಗೆ ತೆಗಿ.

ನಿನಗೆ ಇಷ್ಟು ದಿನ ಹೇಳದ ಮಾತು. 2005ರಲ್ಲಿ ಮರಳುಮೂಟೆ ಇಡಿ ಎಂದವನು ನಾನೇ. ಹದಿನೈದು ವರ್ಷದ ಮೇಲೆ ಕೆರೆ ತುಂಬಿತ್ತು, ಆಸೆ ಬಿತ್ತು. ನೀರು ಹಿಂದಕ್ಕೆ ಏರಿ ಕೆರೆಯ ಮೇಲ್ದಂಡೆಯಲ್ಲಿದ್ದ ಮಾವಿನ ತೋಪಿಗೆ ನುಗ್ಗಿತು. ಎರಡು ತಿಂಗಳು ನಿಂತಿತು. ನಲವತ್ತು ಮರ ಸತ್ತವು. ಒಂದೇ ಸಲ ಸಾಯಲಿಲ್ಲ. ಮೊದಲು ಎಲೆ ಹಳದಿಯಾಯಿತು, ಆಮೇಲೆ ಬೇರಿನ ಕಡೆಯಿಂದ ಕೊಳೆತ ಮೊಟ್ಟೆಯ ವಾಸನೆ ಬಂತು. ತೋಪಿನ ಮಾಲೀಕರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ನೋವು. ನೀನು ಚೀಲ ಹೊತ್ತು ಕುಣಿದಾಡುತ್ತಿದ್ದೆ. ಆ ಮಗುವಿಗೆ ಏನೆಂದು ಹೇಳಲಿ ಎಂದು ಸುಮ್ಮನಾದೆ. ಹೇಳಿದ್ದರೆ ಈಗ ನೀನು ಹಲಗೆ ಹಾಕುತ್ತಿರಲಿಲ್ಲ. ತಪ್ಪು ನಿನ್ನದಲ್ಲ, ನಾನು ಕಲಿಸಿದ್ದು.

ನಿನ್ನದು ಕೆರೆ ಅಲ್ಲಮ್ಮ. ಕೆರೆಗೆ ತುಂಬಿದಷ್ಟೂ ಲಾಭ. ಮರದ ಬೇರಿಗೆ ಉಸಿರು ಬೇಕು. ನೀರು ಇರಬೇಕು, ಮುಳುಗಿಸಬಾರದು. ಅತಿಯಾದರೆ ಅಮೃತವೂ ವಿಷ.

ರಾಕೇಶನ ಫೋನಿನಿಂದ ಮೂರು ಸಲ ಮಾಡಿದೆ. ಹೋಗುತ್ತಿಲ್ಲ. ನೀನು ಅವನ ನಂಬರು ಬ್ಲಾಕ್ ಮಾಡಿದ್ದೀಯ ಎಂದ. ನನಗೆ ಬೇರೆ ಫೋನು ಇಲ್ಲ, ಊರಿನ ಬೇರೆ ಫೋನುಗಳಿಂದ ಹೊರದೇಶಕ್ಕೆ ಹೋಗುವುದಿಲ್ಲವಂತೆ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ದೇವರು ಬೇಗ ಮುಟ್ಟಿಸಲಿ.

ಅಪ್ಪ


ರೇಗನ್ಸ್‌ಬರ್ಗ್
3 ಮಾರ್ಚ್ 2024

ಅಪ್ಪ,

ನಿನ್ನ ಕಾಗದ ಫೆಬ್ರವರಿ ಹದಿನೇಳಕ್ಕೆ ಮುಟ್ಟಿತು. ಸ್ಪೀಡ್ ಪೋಸ್ಟಂತೆ! ಮೆಟ್ಟಿಲ ಮೇಲೆ ನಿಂತೇ ಓದಿದೆ. ಹಳದಿ ಬಣ್ಣ ನನ್ನ ಕಣ್ಣಿಗೂ ಬಿದ್ದಿತ್ತು. ಚಳಿಗೆ ಹೀಗಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ವಾಸನೆಯೂ ಬಂದಿತ್ತು. ಅದಕ್ಕೂ ಏನೋ ಒಂದು ನೆಪ ಹುಡುಕಿಕೊಂಡಿದ್ದೆ.

ಅವತ್ತೇ ಹೋದೆವು. ಶ್ಯಾರನ್ ತೊಡೆವರೆಗಿನ ರಬ್ಬರ್ ಬೂಟು ಹಾಕಿಕೊಂಡು ಮೊದಲು ಅವಳೇ ಇಳಿದಳು. "ಅಳ್ಬೇಡ ಮಾರಾಯ್ತಿ, ಅಳುದು ಆಮೇಲೆ. ಈಗ ಹಲಗೆ ಹಿಡಿ," ಎಂದು ಬೈದಳು. ಎರಡು ಹಲಗೆ ಒಟ್ಟಿಗೆ ತೆಗೆದರೆ ನೀರು ನುಗ್ಗಿ ಕೆಳಗಿನದೆಲ್ಲ ಕೊಚ್ಚುತ್ತದೆಂದು ಒಂದನ್ನು ಅವತ್ತು, ಇನ್ನೊಂದನ್ನು ವಾರ ಬಿಟ್ಟು ತೆಗೆದೆವು. ಎಣಿಸಿದೆ. ಮೂವತ್ತೊಂದು ಮರ ಹಳದಿಯಾಗಿವೆ. ಎಲ್ಲವೂ ಕಟ್ಟೆಯ ಹತ್ತಿರದವು, ನನ್ನ ನೀರಿನಲ್ಲಿ ನಿಂತಿದ್ದವು.

ನಿನಗೆ ಸುಳ್ಳು ಬರೆಯುವುದಿಲ್ಲ. ಹೆರ್ ವೈಗ್ಲ್ ಅವರಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಅವರು ಕಾಲು ನೋವೆಂದು ಮನೆಯಲ್ಲೇ ಇದ್ದರು, ನೋಡಿರಲಿಲ್ಲ. ವಸಂತದಲ್ಲಿ ತಾನಾಗಿ ಹಸಿರಾದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರನೆಯ ದಿನ ಅವರ ಮನೆಗೇ ಹೋದೆ. ಹಲಗೆ ಹಾಕಿದ್ದು ನಾನು, ನಕ್ಷೆಯಲ್ಲಿರಲಿಲ್ಲ, ಹಾಕಿದ್ದು ದುರಾಸೆಗೆ ಎಂದೆ. ಅವರು ಎದ್ದು ಒಲೆಗೆ ಒಂದು ಕೊರಡು ಹಾಕಿದರು. ಆಮೇಲೆ ಹೇಳಿದರು, "ನನ್ನ ತಾತನೂ ಕಾಲುವೆ ತೋಡುವಾಗ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ನೀವೇ ಬಂದು ಹೇಳಿದಿರಿ, ಅದಕ್ಕೆ ಅಕ್ಟೋಬರಿನವರೆಗೆ ಬಿಡುತ್ತೇನೆ. ಬೇರೆಯವರಿಂದ ತಿಳಿದಿದ್ದರೆ ನಾಳೆಯೇ ಜೆಸಿಬಿ ತರಿಸುತ್ತಿದ್ದೆ."

ಈಗ ನನಗೆ ತೋಚಿರುವುದು, ಕೆಳಗೆ ಒಂದೇ ದೊಡ್ಡ ಕಟ್ಟೆಯ ಬದಲು ಕಾಲುವೆಯುದ್ದಕ್ಕೂ ಸಣ್ಣ ಸಣ್ಣವು. ಜನವರಿಯಲ್ಲಿ ಬಿಸಿಲಿಗೆ ದಾರಿ ಮಾಡಲು ಸ್ಪ್ರೂಸ್ ಮರಗಳನ್ನು ಕಡಿಸಿದ್ದೆವು, ಅವೇ ಹಲಗೆಯಾಗುತ್ತವೆ. ಆದರೆ ಒಂದೊಂದು ಎಷ್ಟೆತ್ತರ ಇರಬೇಕು, ನಡುವೆ ಎಷ್ಟು ದೂರ ಬಿಡಬೇಕು? ಪುಸ್ತಕದಲ್ಲಿ ಲೆಕ್ಕವಿದೆ. ನನಗೆ ನನ್ನ ಲೆಕ್ಕದ ಮೇಲೆ ನಂಬಿಕೆ ಹೋಗಿದೆ.

ರಾಕೇಶನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ಕಾಗದವನ್ನೇ ಬರಿ.

ಕೀರ್ತಿ


ತಿಮ್ಮಸಂದ್ರ
26 ಮಾರ್ಚ್ 2024

ಮಗಳೇ,

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಜನ ಅಣಕಿಸುತ್ತಾರೆ. ಬರದೇ ಇರುವವರೇ ಹೆಚ್ಚು. ನನಗೆ ಆ ತೋಪಿನ ಮಾಲೀಕರ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಲು ಇವತ್ತಿಗೂ ಆಗಿಲ್ಲ. ನಿನಗೆ ಮೂರೇ ದಿನ ಸಾಕಾಯಿತು.

ಇಳಿಜಾರಿನ ಗದ್ದೆ ನೆನಪು ಮಾಡಿಕೋ. ಒಂದು ಮಡಿಗಿಂತ ಕೆಳಗಿನ ಮಡಿ ಒಂದು ಗೇಣು ತಗ್ಗು. ಪ್ರತಿ ಮಡಿಗೂ ಒಂದು ಬದು, ಬದುವಿಗೊಂದು ಬಾಯಿ. ಮೇಲಿನದು ತುಂಬಿದ ಮೇಲೆ ಹೆಚ್ಚಾದದ್ದು ಕೆಳಕ್ಕೆ. ಯಾರೂ ಮುಳುಗುವುದಿಲ್ಲ, ಯಾರೂ ಒಣಗುವುದಿಲ್ಲ. ಕಟ್ಟೆಯಿಂದ ಕಟ್ಟೆಗೆ ದೂರ ಅಳೆಯಬೇಡ, ಇಳಿತ ಅಳೆ. ಗೇಣು ಇಳಿದ ಕಡೆ ಕಟ್ಟು, ಅದು ಹತ್ತು ಹೆಜ್ಜೆಗಾಗಲಿ ನೂರು ಹೆಜ್ಜೆಗಾಗಲಿ. ಕಟ್ಟುವುದನ್ನು ಮೇಲಿನಿಂದ ಶುರು ಮಾಡು. ಮರದ ಬುಡದ ಪಾಚಿ ಹಿಂಡಿದರೆ ನೀರು ಬರಬೇಕು, ಹಿಂಡದಿದ್ದರೆ ನೀರು ಕಾಣಬಾರದು. ಅಷ್ಟೇ ಅಳತೆ.

ನಿನ್ನ ಗೇಣು ನನ್ನ ಗೇಣಿಗಿಂತ ಸಣ್ಣದು. ಆ ಮರಗಳೂ ಸಣ್ಣವು ಅನ್ನುತ್ತೀಯ. ನಿನ್ನ ಗೇಣಿನಲ್ಲೇ ಅಳೆ.

ಶ್ಯಾರನ್ ಎಂಬ ಹುಡುಗಿಗೆ ನನ್ನ ಆಶೀರ್ವಾದ ತಿಳಿಸು.

ಅಪ್ಪ


ರೇಗನ್ಸ್‌ಬರ್ಗ್
9 ಅಕ್ಟೋಬರ್ 2024

ಅಪ್ಪಾ,

ಗೆದ್ದೆ! ಗೆದ್ದೆ, ಗೆದ್ದೆ, ಗೆದ್ದೆ! ನಿಧಾನವಾಗಿ ಬರೆಯಬೇಕೆಂದು ಟೀ ಮಾಡಿಕೊಂಡು ಕೂತೆ, ಕೈ ಕೇಳುತ್ತಿಲ್ಲ.

ಮೇ ಮುಗಿಯುವುದರೊಳಗೆ ಒಂಬತ್ತು ಕಟ್ಟೆ ಎದ್ದವು. ಮೇಲಿನಿಂದ ಕೆಳಕ್ಕೆ, ಗೇಣಿಗೊಂದರಂತೆ, ಎಲ್ಲ ನನ್ನ ಗೇಣು. ದಡದಲ್ಲಿ ಗೇಣು ಹಾಕುತ್ತಾ ತೆವಳುವ ನನ್ನನ್ನು ನೋಡಿ ಹೆರ್ ವೈಗ್ಲ್ ತಮ್ಮ ಲೇಸರ್ ಅಳತೆ ಯಂತ್ರ ತಂದು ಹಿಂದಿನಿಂದ ಪರೀಕ್ಷೆ ಮಾಡಿದರು. ಒಂಬತ್ತರಲ್ಲಿ ಎಂಟು ಸರಿಯಿತ್ತು. ಒಂಬತ್ತನೆಯದರಲ್ಲಿ ತಪ್ಪಿದ್ದು ನಾನಲ್ಲ, ಅವರ ಯಂತ್ರದ ಕಾಲು ಪಾಚಿಯಲ್ಲಿ ಹೂತುಹೋಗಿತ್ತು!

ಜೂನ್ ಮೊದಲ ವಾರ ನೀನು ಟಿವಿಯಲ್ಲಿ ನೋಡಿರಬಹುದು, ಇಲ್ಲಿ ಡ್ಯಾನ್ಯೂಬ್ ಉಕ್ಕಿ ನದಿದಂಡೆಯ ಬೀದಿಗಳಿಗೆಲ್ಲ ನೀರು ಬಂತು. ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ರೈಲಿಲ್ಲ. ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಂಬತ್ತೂ ಹೋಯಿತು, ಮುಗಿಯಿತು ಕಥೆ ಎಂದುಕೊಂಡೆ. ಮಧ್ಯಾಹ್ನ ಹೆರ್ ವೈಗ್ಲ್ ತಮ್ಮ ಹಳೆಯ ಜೀಪಿನಲ್ಲಿ ಸುತ್ತು ಬಳಸಿ ಬಂದು ನನ್ನನ್ನು ಹತ್ತಿಸಿಕೊಂಡರು. ಜೌಗಿಗೆ ಇಳಿದರೆ, ಅಪ್ಪ, ಏನು ಹೇಳಲಿ! ಒಂಬತ್ತು ಮಡಿಗಳೂ ತುಂಬಿ, ಒಂಬತ್ತು ಬಾಯಿಗಳಿಂದ ನೀರು ಮೆಲ್ಲಗೆ ಒಂದರಿಂದ ಒಂದಕ್ಕೆ ಇಳಿಯುತ್ತಿತ್ತು. ಅಷ್ಟು ಮಳೆಯಲ್ಲೂ ಒಂದು ಮರದ ಬುಡ ಮುಳುಗಿರಲಿಲ್ಲ. ನಾನು ಕಟ್ಟೆಯ ಕೆಳಗೆ ನಿಂತು ಕಿವಿಗೊಟ್ಟೆ. ಎಲ್ಲೂ ಸೋರುತ್ತಿರಲಿಲ್ಲ. ಹೆರ್ ವೈಗ್ಲ್ ಮಳೆಯಲ್ಲಿ ತೊಯ್ದು ನಿಂತು ಅವರ ಭಾಷೆಯಲ್ಲಿ "ಪಾಸ್ಟ್ ಶೊ" ಎಂದರು. ಹಾಗೆಂದರೆ ಪರವಾಗಿಲ್ಲ ಎಂದು. ಈ ಕಡೆಯ ಜನ ಅದಕ್ಕಿಂತ ದೊಡ್ಡ ಹೊಗಳಿಕೆ ಜೀವಮಾನದಲ್ಲಿ ಕೊಡುವುದಿಲ್ಲ. ನಿನ್ನಂಥವರೇ.

ನಿನ್ನೆ ಎಣಿಕೆ ಇತ್ತು. ಜಿಲ್ಲಾ ಕಚೇರಿಯಿಂದ ಇಬ್ಬರು ಬಂದಿದ್ದರು, ಹೆರ್ ವೈಗ್ಲ್ ಇದ್ದರು, ರಜೆ ಹಾಕಿ ಶ್ಯಾರನ್ನೂ ಬಂದಿದ್ದಳು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದೆವು. ಹಳದಿಯಾಗಿದ್ದ ಮೂವತ್ತೊಂದರಲ್ಲಿ ಆರು ಸತ್ತಿವೆ. ಆ ಆರನ್ನು ಕೊಂದವಳು ನಾನೇ, ಅದನ್ನು ಅವರ ಪುಸ್ತಕದಲ್ಲಿ ನನ್ನ ಹೆಸರಿನ ಜೊತೆಗೇ ಬರೆಸಿದ್ದೇನೆ. ಇಪ್ಪತ್ತೈದು ಮತ್ತೆ ಹಸಿರಾಗಿವೆ. ತುದಿಯಲ್ಲಿ ಬೆರಳುದ್ದ ಹೊಸ ಚಿಗುರು, ಮುಟ್ಟಿದರೆ ಅಂಟು. ಒಟ್ಟು ಇನ್ನೂರ ಆರು.

ಅಷ್ಟಕ್ಕೇ ಮುಗಿದಿದ್ದರೂ ಸಾಕಿತ್ತು. ನಾಲ್ಕನೆಯ ಮಡಿಯ ಹತ್ತಿರ ಶ್ಯಾರನ್ ಬೂಟಿನಲ್ಲಿ ನೀರು ತುಂಬಿತೆಂದು ಬಗ್ಗಿದವಳು, "ಕೀರ್ತಿ, ಇದೆಂತ? ಇಲ್ಲಿ ನೋಡು, ಇದೆಂತದ್ದು ಸಣ್ಣದು?" ಎಂದಳು. ಮೊಣಕಾಲೂರಿ ನೋಡಿದೆ. ಪಾಚಿಯ ಮೇಲೆ, ಸ್ಪ್ರೂಸ್ ಕಡಿದು ಬಿಸಿಲು ಬಿದ್ದ ಜಾಗದಲ್ಲಿ, ಕಡ್ಡಿಯಷ್ಟು ಕಾಂಡ, ತಲೆಯಲ್ಲಿ ನಾಲ್ಕೈದು ಹಸಿರು ಸೂಜಿ. ಸ್ಪಿರ್ಕೆಯ ಮರಿ! ಎಲ್ಲರೂ ಮಂಡಿಯೂರಿದೆವು. ಕಚೇರಿಯವರೂ ಪ್ಯಾಂಟು ಒದ್ದೆ ಮಾಡಿಕೊಂಡು ತೆವಳಿದರು. ಸಂಜೆಯ ಹೊತ್ತಿಗೆ ಹದಿನೇಳು ಸಿಕ್ಕವು. ಹೆರ್ ವೈಗ್ಲ್ ಅವರಿಗೆ ಎಪ್ಪತ್ತಮೂರು ವರ್ಷ. ಹುಡುಗನಾಗಿದ್ದಾಗ ತಾತನ ಜೊತೆ ಬಂದಾಗ ಒಂದು ನೋಡಿದ್ದರಂತೆ, ಆಮೇಲೆ ನಿನ್ನೆಯೇ. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ತೀರ್ಮಾನ ಅಲ್ಲೇ ಆಯಿತು. ಕಟ್ಟೆಗಳು ಶಾಶ್ವತ. ಆ ಕಾಲುವೆಯನ್ನು ನಕ್ಷೆಯಿಂದಲೇ ತೆಗೆಯುತ್ತಾರೆ, ಹಾಗೆ ಬರೆದುಕೊಟ್ಟ ಕಾಗದಕ್ಕೆ ಮೊದಲ ರುಜು ಹೆರ್ ವೈಗ್ಲ್ ಅವರದು. ಅಕ್ಕಪಕ್ಕದ ಇನ್ನೆರಡು ಜೌಗುಗಳನ್ನೂ ನನಗೆ ಕೊಟ್ಟಿದ್ದಾರೆ. ಅಲ್ಲೊಂದು ಕಡೆ ಬರೀ ಒಂಬತ್ತು ಸ್ಪಿರ್ಕೆ ಉಳಿದಿವೆ. ನೋಡೋಣ, ಅವನ್ನೂ ಬಿಡುವುದಿಲ್ಲ.

ಈ ಗೆಲುವಿನಲ್ಲಿ ನಿನ್ನ ಪಾಲಿದೆ, ಅದನ್ನು ಹೇಳದಿದ್ದರೆ ಬಾಯಲ್ಲಿ ಹುಳ ಬೀಳುತ್ತದೆ. ಆದರೆ ನೀನು ಅವತ್ತು ಆಡಿದ ಮಾತು ನನಗೆ ಇವತ್ತಿಗೂ ನೋಯುತ್ತದೆ. ಅದನ್ನೂ ಹೇಳಿಬಿಡುತ್ತೇನೆ. ಗೆದ್ದ ದಿನ ಹೇಳಿದರೆ ಅಳುಬುರುಕಿ ಅನ್ನಿಸುವುದಿಲ್ಲವಲ್ಲ.

ನಿನ್ನ
ಕೀರ್ತಿ


ತಿಮ್ಮಸಂದ್ರ
21 ನವೆಂಬರ್ 2024

ನನ್ನ ಮಗಳು ಕೀರ್ತಿಗೆ,

ಮೊನ್ನೆ ಸೋಮವಾರ ತೂಬು ಎತ್ತಿದೆವು. ಈ ವರ್ಷ ಮಳೆ ಆಗಿ ಕೆರೆ ಮುಕ್ಕಾಲು ತುಂಬಿದೆ. ಅದರ ವಿಷಯ ನಿನಗೆ ವಿವರವಾಗಿ ಬರೆಯಬೇಕು.

ವರ್ಷದ ಮೊದಲ ನೀರು ಬಿಡುವ ದಿನ ಗಂಡಸರು ಮಾತ್ರ ತೂಬಿನ ಹತ್ತಿರ ಹೋಗುವುದರಿಂದ ನೀನು ನೋಡಿಲ್ಲ. ನೀರಿಗಿಳಿಯುವ ಮೊದಲು ನೀರಗಂಟಿ ತನಗಿಂತ ಹಿಂದಿನ ನೀರಗಂಟಿಗಳ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಹೆಸರು ಕೂಗದೆ ತೂಬು ಎತ್ತುವ ಹಾಗಿಲ್ಲ. ರಾಕೇಶ ಸೊಂಟಕ್ಕೆ ಟವೆಲು ಬಿಗಿದು ನಿಂತು ಆರು ಹೆಸರು ಕೂಗಿದ. ಆರನೆಯದು ನನ್ನದು. ಕೂಗಿ ಇಳಿಯಲು ಹೊರಟ.

ನಾನು ಏರಿಯ ಮೇಲೆ ಕೂತಿದ್ದವನು ಎದ್ದು ನಿಂತು, "ತಡಿಯೋ, ಇನ್ನೊಂದೈತೆ," ಎಂದೆ.

ಎಲ್ಲ ತಿರುಗಿ ನೋಡಿದರು. ಕೆರೆ ಸಂಘದ ಅಧ್ಯಕ್ಷ ದ್ವಾರಕನಾಥ, "ಇನ್ಯಾರಣ್ಣ? ಆರೇ ಅಲ್ವಾ?" ಎಂದ. ಕೀರ್ತಿ ಎಂದೆ.

"ಯಾವ ಕೀರ್ತಿ? ನಿನ್ನ ಮಗಳಾ? ಆಯಮ್ಮ ನಮ್ ಕೆರೆ ನೀರು ಯಾವತ್ತು ಬಿಟ್ಟವ್ಳೆ?"

"ನಮ್ ಕೆರೇದು ಬಿಟ್ಟಿಲ್ಲ. ನಾನು ಬಿಡ್ಲಿಲ್ಲ, ಅದುಕ್ಕೆ. ಜರ್ಮನೀನಾಗೆ ಇನ್ನೂರಾರು ಮರ, ಹದಿನೇಳು ಮರಿ, ಅವ್ಳ ಕೈಯಾಗಿನ ನೀರು ಕುಡೀತಾವೆ. ಡ್ಯಾನ್ಯೂಬ್ ನದಿ ಉಕ್ಕಿದ್ ದಿನಾನೂ ಅವ್ಳು ಕಟ್ಟಿದ್ದು ಅಲ್ಲಾಡ್ಲಿಲ್ಲ. ನಾನು ಕಟ್ಟಿದ್ದು ತೋಪು ಮುಳುಗಿಸೈತೆ, ನಿಮ್ಗೆಲ್ಲ ಗೊತ್ತು."

ಅಷ್ಟು ಹೇಳಿ ನಿನ್ನ ಕಾಗದಗಳನ್ನು ಜೇಬಿನಿಂದ ತೆಗೆದು ನೀರಿನ ಭಾಗ ಅಷ್ಟೂ ಓದಿದೆ. ಹಲಗೆ ಹಾಕಿದ್ದು, ಮರ ಹಳದಿಯಾಗಿದ್ದು, ನೀನೇ ಹೋಗಿ ಹೇಳಿದ್ದು, ಎಲ್ಲ. ಅರ್ಧಕ್ಕೆ ಕಾಗದ ಕೆಳಗಿಳಿಸಿದೆ, ಉಳಿದದ್ದನ್ನು ರಾಕೇಶ ಇಸಕೊಂಡು ಓದಿದ. ಓದಿ ಮುಗಿಸಿದ ಮೇಲೆ ಮಾವಿನ ತೋಪಿನ ಮಾಲೀಕರ ಎದುರು ಹೋಗಿ ನಿಂತೆ. ಹತ್ತೊಂಬತ್ತು ವರ್ಷದ ಮೇಲೆ ಕೈ ಮುಗಿದೆ. ಅವರು, "ಹೋಗ್ಲಿ ಬುಡು ಮುನಿಸ್ವಾಮಿ," ಎಂದು ನನ್ನ ಕೈ ಹಿಡಿದುಕೊಂಡರು.

ತೂಬಿನ ಕೆಲಸ ನಿನಗೆ ಕೊಡಬೇಕಿತ್ತು. ಕೊಡಲಿಲ್ಲ. ನೀನು ಹೆಣ್ಣು ಎಂದು ಕೊಡಲಿಲ್ಲ, ಅದು ಬಿಟ್ಟರೆ ಬೇರೆ ಯಾವ ಕಾರಣವೂ ನನ್ನ ಹತ್ತಿರ ಇರಲಿಲ್ಲ. ನಿನಗೆ ನೋವು ಮಾಡಿದೆ. ಊರವರ ಎದುರು ಆಡಿದ ಮಾತು, ಅದಕ್ಕೇ ಊರವರ ಎದುರೇ ವಾಪಸು ತೆಗೆದುಕೊಂಡೆ.

ದ್ವಾರಕನಾಥ ರಾಕೇಶನಿಗೆ ಕೂಗು ಎಂದು ಕೈಸನ್ನೆ ಮಾಡಿದ. ರಾಕೇಶ ಏರಿಯ ಮೇಲೆ ಹತ್ತಿ, ನನಗೂ ಆಚೆ ದಡದಲ್ಲಿ ಕಾಯುತ್ತಿದ್ದ ಹೆಂಗಸರಿಗೂ ಕೇಳುವ ಹಾಗೆ, ಏಳನೆಯ ಹೆಸರು ಕೂಗಿದ. ಆಚೆ ದಡದಿಂದ ಯಾರೋ ಸಿಳ್ಳೆ ಹಾಕಿದರು. ಆಮೇಲೆ ಇಳಿದು ತೂಬು ಎತ್ತಿದ. ನೀರು ಚೆನ್ನಾಗಿ ಬಂತು.

ನಿನ್ನ ಅಪ್ಪ,
ಮುನಿಸ್ವಾಮಿ